ಅಮ್ಮನ ತಲೆ ಮುಟ್ಟಿ ಹಾಕಿದ ಆಣೆ

ಪ್ರಶ್ನೆ: ನನಗೆ 22 ವರ್ಷ. ಊರು ಸಕಲೇಶಪುರದ ಬಳಿ, ಹಾಸನದ ಪಿ.ಜಿ.ಯೊಂದರಲ್ಲಿದ್ದುಕೊಂಡು ಓದುತ್ತಿದ್ದೇನೆ. ಪಿಯುಸಿಯ ದಿನಗಳಿಂದಲೂ ಸಂಕಟ ತಡೆಯಲಾಗದಿದ್ದಾಗ ಕೈಗೆ ಗಾಯ ಮಾಡಿಕೊಳ್ಳುತ್ತಿದ್ದೆ. ಅದು ಅಮ್ಮನಿಗೆ ತಿಳಿದಾಗ, ತಮ್ಮ ತಲೆ ಮುಟ್ಟಿಸಿ ಆಣೆ ಹಾಕಿಸಿಕೊಂಡರು. ಎಂಟು ತಿಂಗಳು ನಿಭಾಯಿಸಿದೆ. ಹೋದ ತಿಂಗಳು ಒಂದು ರಾತ್ರಿ ಮತ್ತೆ ಹಾಗೆಯೇ ಆಯಿತು. ಸಾಯಬೇಕೆಂಬ ಯೋಚನೆ ಇಲ್ಲ. ಆದರೆ ಆಣೆ ಮುರಿದದ್ದರಿಂದ ಅಮ್ಮನಿಗೇನಾದರೂ ಆದೀತೆಂಬ ಭಯಕ್ಕೆ ನಿದ್ದೆ ಬರುತ್ತಿಲ್ಲ. ಬರುವ ತಿಂಗಳು ಅಕ್ಕನ ಮದುವೆ. ಬಳೆ ಶಾಸ್ತ್ರದಲ್ಲಿ ಎಲ್ಲರೆದುರು ಕೈ ಚಾಚಬೇಕು. ಏನು ಮಾಡಲಿ?

ಉತ್ತರ: ನಿಮ್ಮ ಅಮ್ಮನಿಗೆ ಇದರಿಂದ ಏನೂ ಆಗುವುದಿಲ್ಲ. ಹೆದರಿದ ತಾಯಿಗೆ ಆ ಗಳಿಗೆಯಲ್ಲಿ ತೋಚಿದ ಉಪಾಯ ಆಣೆ, ಅವರನ್ನು ದೂರುವಂತಿಲ್ಲ. ಆದರೆ ಒಮ್ಮೆ ತಪ್ಪಿದರೂ ಪೂರ್ತಿ ತಪ್ಪಿದಂತೆಯೇ ಎಂಬುದು ಆಣೆಯ ಲೆಕ್ಕ, ಹಾಗಾಗಿ ತಪ್ಪಿದ್ದನ್ನು ಬಚ್ಚಿಡದೆ ಬೇರೆ ದಾರಿ ಉಳಿಯುವುದಿಲ್ಲ. ಈ ಅಭ್ಯಾಸ ಬೇರು ಬಿಡುವುದೂ ಬಚ್ಚಿಟ್ಟಲ್ಲಿಯೇ.

ಎಂಟು ತಿಂಗಳು ನೀವು ಕಲಿತದ್ದು ಒಂದು ರಾತ್ರಿಯಲ್ಲಿ ಅಳಿಸಿಹೋಗಿಲ್ಲ. ಆಸ್ಟ್ರೇಲಿಯಾದ ವಿಕ್ಟೋರಿಯಾದಲ್ಲಿ ಹದಿಹರೆಯದವರನ್ನು ವರ್ಷಗಟ್ಟಲೆ ಗಮನಿಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೀಗೆ ಗಾಯ ಮಾಡಿಕೊಳ್ಳುತ್ತಿದ್ದವರ ಪೈಕಿ ಸುಮಾರು ಶೇ 90ರಷ್ಟು ಮಂದಿ ಇಪ್ಪತ್ತರ ಹರೆಯದಲ್ಲಿ ಅದನ್ನು ಬಿಟ್ಟಿದ್ದರು. ಆದರೆ ಅದರ ಹಿಂದಿದ್ದ ಖಿನ್ನತೆ, ಆತಂಕಗಳು ತಾವಾಗಿ ಹೋಗುತ್ತವೆಂದು ಕೂರುವಂತಿಲ್ಲ. ಚಿಕಿತ್ಸೆ ಬೇಕಿರುವುದು ಅವಕ್ಕೆ.

ಗಾಯ ಸ್ವಲ್ಪ ಹೊತ್ತು ಸಂಕಟವನ್ನು ತಗ್ಗಿಸುತ್ತದೆ, ಆದ್ದರಿಂದಲೇ ಕೈ ಮತ್ತೆ ಅತ್ತ ಹೋಗುತ್ತದೆ. ಆ ಕೆಲಸವನ್ನು ಬೇರೊಂದಕ್ಕೆ ವಹಿಸದೆ ಬರೀ 'ಬಿಡು' ಎಂದರೆ ಬಿಡುವುದು ಕಷ್ಟ. ಅಮೆರಿಕದ ಮನೋವಿಜ್ಞಾನಿ ಮಾರ್ಷಾ ಲಿನೆಹನ್ ರೂಪಿಸಿದ ಡಿಬಿಟಿ (ಡಯಲೆಕ್ಟಿಕಲ್ ಬಿಹೇವಿಯರ್ ಥೆರಪಿ) ಎಂಬ ಮಾತಿನ ಚಿಕಿತ್ಸೆ ಇದನ್ನೇ ಕಲಿಸುತ್ತದೆ. ಹರೆಯದಲ್ಲಿ ತಾವೂ ಹೀಗೆ ಗಾಯ ಮಾಡಿಕೊಳ್ಳುತ್ತಿದ್ದುದನ್ನು ಅವರು 2011ರಲ್ಲಿ ಬಹಿರಂಗವಾಗಿ ಹೇಳಿಕೊಂಡರು. ಗಾಯ ಮಾಡಿಕೊಳ್ಳಬೇಕೆಂಬ ಒತ್ತಡ ಏರಿ, ತುತ್ತತುದಿ ಮುಟ್ಟಿ, ತಾನಾಗಿ ಇಳಿಯುತ್ತದೆ. ಅಲ್ಲಿಯವರೆಗೆ ಕಾಲು ಗಂಟೆ ಮುಂದೂಡಿ, ಮುಖಕ್ಕೆ ತಣ್ಣೀರು ಹಾಕಿ, ಕೋಣೆ ಬಿಟ್ಟು ಜನರಿರುವ ಕಡೆ ಹೋಗಿ ಕುಳಿತುಕೊಳ್ಳಿ. ಗಾಯ ಮಾಡಬಲ್ಲ ವಸ್ತು ಕೋಣೆಯಲ್ಲಿ ಇರದಂತೆ ಈಗಲೇ ನೋಡಿಕೊಳ್ಳಿ. ಹೋದ ತಿಂಗಳ ಆ ರಾತ್ರಿಗಿಂತ ಆ ದಿನದ ಹಗಲು ಮುಖ್ಯ: ನಿದ್ದೆಗೆಟ್ಟಿತ್ತೇ, ಊಟ ಬಿಟ್ಟಿದ್ದಿರೇ, ಯಾರ ಮಾತು ಚುಚ್ಚಿತ್ತು? ಬರೆದಿಟ್ಟುಕೊಂಡು ಹಾಸನದ ವೈದ್ಯಕೀಯ ಕಾಲೇಜು ಆಸ್ಪತ್ರೆಯ ಮನೋವೈದ್ಯ ವಿಭಾಗಕ್ಕೆ ಹೋಗಿ. ನೀವು ವಯಸ್ಕರು, ಜೀವಕ್ಕೆ ಅಪಾಯವಿರುವಂಥ ಸಂದರ್ಭಗಳನ್ನು ಬಿಟ್ಟರೆ, 2017ರ ಮಾನಸಿಕ ಆರೋಗ್ಯ ಕಾಯ್ದೆಯಂತೆ ನಿಮ್ಮ ವಿಷಯವನ್ನು ಗೋಪ್ಯವಾಗಿಡಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಸಾವಿನ ಯೋಚನೆ ಸುಳಿದರಂತೂ ಬೆಳಗಾಗುವವರೆಗೆ ಕಾಯಬೇಡಿ.

ಕೆಂಪಗಿರುವ ಕಲೆ ತಿಳಿಯಾಗಲು ಒಂದು, ಒಂದೂವರೆ ವರ್ಷ ಬೇಕಾಗುತ್ತದೆ. ಉಬ್ಬಿದ ಕಲೆಗೆ ಚರ್ಮವೈದ್ಯರು ಸಿಲಿಕೋನ್ ಜೆಲ್ ಸೂಚಿಸಬಹುದು. ಮದುವೆಯ ಹೊತ್ತಿಗೆ ಇದ್ಯಾವುದೂ ಆಗದು. ಕೇಳಿದವರಿಗೆ 'ಹಳೆಯ ಗಾಯ, ವಾಸಿಯಾಗಿದೆ' ಎಂದರೆ ಸಾಕು. ನೆಂಟರ ಕುತೂಹಲಕ್ಕೆಲ್ಲ ಲೆಕ್ಕ ಒಪ್ಪಿಸಬೇಕಾಗಿಲ್ಲ. ಶಾಸ್ತ್ರದ ದಿನ ಪಕ್ಕದಲ್ಲಿ ಕೂರಲು ಅಕ್ಕನಿಗೋ ನಂಬಿದ ಗೆಳತಿಗೋ ಮೊದಲೇ ತಿಳಿಸಿಡಿ.

ಅಮ್ಮನಿಗೆ ಹೋದ ತಿಂಗಳ ಸಂಗತಿಯನ್ನು ಹೇಳುವುದೇ ಒಳ್ಳೆಯದೆಂದು ನನ್ನ ಅನಿಸಿಕೆ. ಹೇಳುವಾಗ, ಆಣೆಯನ್ನು ಹಿಂದಕ್ಕೆ ತೆಗೆದುಕೊಳ್ಳುವಂತೆ ಕೇಳಿ, ಅದರ ಬದಲಿಗೆ ಇಷ್ಟು ಮಾತು ಕೊಡಿ: 'ಹಾಗನ್ನಿಸಿದಾಗ ಫೋನ್ ಮಾಡುತ್ತೇನಮ್ಮ, ಬೈಯದೆ ಮಾತಾಡು.'