ಓದುಗರ ಪ್ರಶ್ನೆ, ನಮ್ಮ ಉತ್ತರ: ಮನೆಯಲ್ಲಿ ಮಾಡಿದ ಪೆಡಲ್ ಗೆಳೆಯರ ಕೈಗೆ ಹೋಗುವ ಮುನ್ನ

ಪ್ರಶ್ನೆ: ನಾವು ಆರು ಜನ ಗಿಟಾರ್ ನುಡಿಸುವವರು ಭಾನುವಾರ ಸೇರುತ್ತೇವೆ. ಒಂದೇ ಥರದ ಆರು ಪೆಡಲ್ (ಗಿಟಾರಿನ ಸದ್ದು ಬದಲಿಸುವ, ಕಾಲಲ್ಲಿ ಒತ್ತುವ ಪೆಟ್ಟಿಗೆ) ಮಾಡಿ ಎಲ್ಲರಿಗೂ ಹಂಚುವ ಆಸೆ. ಯಾವ ಸರ್ಕ್ಯೂಟ್‌ನಿಂದ ಶುರು ಮಾಡಲಿ?
– ಓದುಗರು, ಗೋಣಿಕೊಪ್ಪ

ಉತ್ತರ: ಫಜ್ (ಸದ್ದು ಒರಟಾಗಿಸುವುದು), ಡಿಲೇ (ಸದ್ದು ಮರುಕಳಿಸುವುದು) ಎಲ್ಲ ಆಮೇಲಾಗಲಿ. ಹಂಚುವುದಕ್ಕೆ ಒಂದೇ ಟ್ರಾನ್ಸಿಸ್ಟರಿನ ಬೂಸ್ಟರ್, ಅಂದರೆ ಸದ್ದು ಹಿಗ್ಗಿಸುವ ಪೆಡಲ್, ವಾಸಿ. ಕೆಟ್ಟರೂ ಕಾರಣ ಬೇಗ ಸಿಗುತ್ತದೆ. ಎಲೆಕ್ಟ್ರೋ-ಹಾರ್ಮೊನಿಕ್ಸ್ ಕಂಪನಿಯ ಎಲ್‌ಪಿಬಿ-1 ಈ ಜಾತಿಯದು, 1960ರ ದಶಕದ ಕೊನೆಯದು.

ಜೋಡಣೆ ಹೀಗೆ. ಇನ್‌ಪುಟ್ ಜ್ಯಾಕ್‌ನಿಂದ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ (ಮೈಮೇಲೆ 104 ಎಂದಿರುತ್ತದೆ) ಮೂಲಕ ಟ್ರಾನ್ಸಿಸ್ಟರಿನ ಬೇಸ್‌ಗೆ (ಅದರ ಮೂರು ಕಾಲು ಬೇಸ್, ಕಲೆಕ್ಟರ್, ಎಮಿಟರ್). ಬೇಸ್‌ನಿಂದ 9 ವೋಲ್ಟ್‌ಗೆ 470 ಕೆ (ಕಿಲೋ ಓಮ್) ರೆಸಿಸ್ಟರ್, ನೆಲಕ್ಕೆ (ಗ್ರೌಂಡ್, ಇಲ್ಲಿ ಮೈನಸ್ ತಂತಿ) 47 ಕೆ. ಕಲೆಕ್ಟರ್‌ನಿಂದ 9 ವೋಲ್ಟ್‌ಗೆ 10 ಕೆ, ಎಮಿಟರ್‌ನಿಂದ ನೆಲಕ್ಕೆ 390 ಓಮ್. ಕಲೆಕ್ಟರ್‌ನಿಂದ ಇನ್ನೊಂದು 0.1 ಕೆಪಾಸಿಟರ್ ಹೊರಟು 100 ಕೆ ಲಾಗ್ ಪಾಟ್‌ನ (ವಾಲ್ಯೂಮ್ ತಿರುಗಿಸುವ ಭಾಗ) ಮೇಲಿನ ತುದಿಗೆ ಸೇರಲಿ. ಪಾಟ್‌ನ ಇನ್ನೊಂದು ತುದಿ ನೆಲಕ್ಕೆ, ನಡುವಿನ ಕಾಲೇ ಔಟ್‌ಪುಟ್. ಇನ್‌ಪುಟ್ ಕೆಪಾಸಿಟರಿನ ಹೊರಬದಿಯಿಂದ ನೆಲಕ್ಕೆ 1 ಮೆಗಾ ಓಮ್ ಹಾಕುವುದನ್ನು ಮರೆಯಬೇಡಿ. ಅದಿಲ್ಲದಿದ್ದರೆ ಕೆಪಾಸಿಟರಿನಲ್ಲಿ ನಿಂತ ಚಾರ್ಜ್ ಸ್ವಿಚ್ ಒತ್ತಿದಾಗಲೆಲ್ಲ ‘ಟಪ್’ ಅನ್ನಿಸುತ್ತದೆ.

ಟ್ರಾನ್ಸಿಸ್ಟರ್ ಬಿಸಿ549ಸಿ ಅಥವಾ ಬಿಸಿ547ಸಿ. ಕೊನೆಯ ‘ಸಿ’ ಮುಖ್ಯ, ಅದು ಹೆಚ್ಚು ಗೇನಿನ (ಹಿಗ್ಗಿಸುವ ಶಕ್ತಿಯ) ಗುಂಪು. 9 ವೋಲ್ಟ್ ಕೊಟ್ಟು ಕಲೆಕ್ಟರ್‌ನಲ್ಲಿ ಅಳೆದರೆ 4ರಿಂದ 5.5 ವೋಲ್ಟ್ ಬರಬೇಕು. 6 ದಾಟಿದರೆ ಗೇನ್ ಕಡಿಮೆಯ ಟ್ರಾನ್ಸಿಸ್ಟರ್ ಸಿಕ್ಕಿದೆ ಎಂದರ್ಥ. ಬದಲಿಸಿ, ಇಲ್ಲವೇ 470 ಕೆ ತೆಗೆದು 430 ಕೆ ಹಾಕಿ. ಎಲ್ಲ ಸರಿಯಿದ್ದರೆ ಸಿಗ್ನಲ್ ಸುಮಾರು 20 ಪಟ್ಟು ಹಿಗ್ಗುತ್ತದೆ.

ಹೆಚ್ಚಿನವರು ಎಡವುವುದು ಕಾಲುಗಳಲ್ಲಿ. ಬಿಸಿ549ರ ಚಪ್ಪಟೆ ಮುಖ ನಿಮ್ಮ ಕಡೆ, ಕಾಲು ಕೆಳಗೆ ಹಿಡಿದರೆ ಎಡದಿಂದ ಕಲೆಕ್ಟರ್, ಬೇಸ್, ಎಮಿಟರ್. 2ಎನ್5088 ಎಂಬ ಇನ್ನೊಂದು ಟ್ರಾನ್ಸಿಸ್ಟರಿನಲ್ಲಿ ಇದು ತಿರುಗಾಮುರುಗಾ. ಉಲ್ಟಾ ಹಾಕಿದರೂ ಸದ್ದು ಪೂರ್ತಿ ನಿಲ್ಲುವುದಿಲ್ಲ, ಸೊರಗಿದಂತೆ ಬರುತ್ತದೆ. ಅದಕ್ಕೇ ತಪ್ಪು ಬೇಗ ಕಾಣುವುದಿಲ್ಲ. ಆರು ಪೆಡಲಿಗೆ ಎಂಟು ಟ್ರಾನ್ಸಿಸ್ಟರ್ ತರಿಸಿ. ಬಿಡಿಭಾಗಕ್ಕೆ ಬೆಂಗಳೂರಿನ ಎಸ್.ಪಿ. ರೋಡ್ ಇದ್ದೇ ಇದೆ, ಆದರೆ ಒಂದು ರೆಸಿಸ್ಟರಿಗಾಗಿ ಮತ್ತೆ ಅಲ್ಲಿಗೆ ಹೋಗುವಂತಾಗಬಾರದು. ಒಂಬತ್ತು ಕಾಲಿನ 3ಪಿಡಿಟಿ ಫುಟ್‌ಸ್ವಿಚ್ ಬೆಸೆಯುವಾಗ ಒಂದೊಂದು ಕಾಲಿಗೆ ಮೂರು ಸೆಕೆಂಡಿಗಿಂತ ಹೆಚ್ಚು ಕಾವು ಬೇಡ, ಒಳಗಿನ ಪ್ಲಾಸ್ಟಿಕ್ ಕರಗಿ ಸಂಪರ್ಕ ಜಾರುತ್ತದೆ.

ಪ್ರಶ್ನೆ: ಗೆಳೆಯನಿಗೆ ಕೊಟ್ಟ ಪೆಡಲ್ ಮೂರನೇ ದಿನಕ್ಕೆ ಸತ್ತಿತು. ವೈಫೈ ಪೆಟ್ಟಿಗೆಯ ಅಡಾಪ್ಟರ್ ಚುಚ್ಚಿದನಂತೆ. ಪಿನ್ ಸರಿಯಾಗಿಯೇ ಕೂತಿತ್ತಲ್ಲ?
– ಓದುಗರು, ಸೋಮವಾರಪೇಟೆ

ಉತ್ತರ: ಪಿನ್ ಕೂತಿದ್ದೇ ತೊಂದರೆ. ಗಿಟಾರ್ ಪೆಡಲುಗಳಲ್ಲಿ ರೂಢಿ 9 ವೋಲ್ಟ್, ನಡುವೆ ಮೈನಸ್, ಹೊರಗೆ ಪ್ಲಸ್. ರೌಟರಿನ ಅಡಾಪ್ಟರ್ ಸಾಮಾನ್ಯವಾಗಿ 12 ವೋಲ್ಟ್, ನಡುವೆ ಪ್ಲಸ್. ಪಿನ್ನಿನ ಅಳತೆ ಮಾತ್ರ ಒಂದೇ. ನಿಮಗಾಗಿ ಮಾಡಿಕೊಂಡ ಪೆಡಲಿಗೆ ಯಾವ ಅಡಾಪ್ಟರ್ ಎಂದು ನಿಮಗೆ ಗೊತ್ತಿರುತ್ತದೆ. ಕೊಡುವ ಪೆಡಲಿಗೆ ಏನು ಬೇಕಾದರೂ ಚುಚ್ಚಿಯಾರು.

ಆದ್ದರಿಂದ ಪ್ಲಸ್ ತಂತಿಯಲ್ಲಿ ಮೊದಲು 1ಎನ್5817 ಡಯೋಡ್ ಸರಣಿಯಲ್ಲಿ ಹಾಕಿ. ಅದು ತಿನ್ನುವುದು ಕಾಲು ವೋಲ್ಟಿನಷ್ಟು, ಆದರೆ ಉಲ್ಟಾ ಕರೆಂಟ್ ಒಳಗೆ ಬರಲು ಬಿಡುವುದಿಲ್ಲ. ಅದರ ನಂತರ 100 ಓಮ್, ಬಳಿಕ ನೆಲಕ್ಕೆ 100 ಮೈಕ್ರೋಫ್ಯಾರಡ್. ಅಗ್ಗದ ಅಡಾಪ್ಟರಿನ ‘ಗುಂಯ್’ ಇಲ್ಲೇ ಬಹಳಷ್ಟು ಸೋಸಿಹೋಗುತ್ತದೆ. ಈ ಕೆಪಾಸಿಟರ್ 25 ವೋಲ್ಟಿನದೇ ಇರಲಿ; 10 ವೋಲ್ಟಿನದಾದರೆ 12 ವೋಲ್ಟ್ ಅಡಾಪ್ಟರಿಗೆ ಉಬ್ಬುತ್ತದೆ. ಎಲ್‌ಇಡಿಗೆ 4.7 ಕೆ ಸಾಕು.

ಡಿಸಿ ಸಾಕೆಟ್ ಪ್ಲಾಸ್ಟಿಕ್ ಮೈಯದೇ ಬೇಕು. ಹೊರಭಾಗ ಪ್ಲಸ್ ಆದ್ದರಿಂದ ಲೋಹದ ಸಾಕೆಟ್ ಅಲ್ಯೂಮಿನಿಯಂ ಪೆಟ್ಟಿಗೆಗೆ ತಾಗಿದ ಕೂಡಲೇ ಶಾರ್ಟ್. ಇನ್ನು ಪಿಎನ್‌ಪಿ ಜಾತಿಯ ಜರ್ಮೇನಿಯಂ ಟ್ರಾನ್ಸಿಸ್ಟರಿನ ಫಜ್ ಕೊಡುವವರಿಗೆ ಒಂದು ಮಾತು: ಅದರಲ್ಲಿ ನೆಲವೇ ಪ್ಲಸ್. ಬೇರೆ ಪೆಡಲುಗಳ ಜೊತೆ ಒಂದೇ ಅಡಾಪ್ಟರಿನ ಸರಪಳಿಗೆ ಸೇರಿಸಿದರೆ ಅಡಾಪ್ಟರ್ ಶಾರ್ಟ್ ಆಗುತ್ತದೆ. ‘ಬ್ಯಾಟರಿ ಮಾತ್ರ’ ಎಂದು ಮೇಲೆಯೇ ಬರೆದುಬಿಡಿ.

ಪ್ರಶ್ನೆ: ಬೇಸಿಗೆಯಲ್ಲಿ ಚೆನ್ನಾಗಿದ್ದ ಪೆಡಲ್ ಜೂನ್ ಬಂದರೆ ಕರಕರ ಅನ್ನುತ್ತದೆ. ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟರೂ ಸರಿಹೋಗಲಿಲ್ಲ.
– ಓದುಗರು, ಭಾಗಮಂಡಲ

ಉತ್ತರ: ಅಟ್ಟದಿಂದ ಮೊದಲು ಇಳಿಸಿ. ಹೊಗೆಯ ಜಿಡ್ಡು ಪಾಟ್ ಮತ್ತು ಜ್ಯಾಕ್‌ಗಳ ಮೇಲೆ ಪದರ ಕಟ್ಟುತ್ತದೆ. ಮೆಣಸಿಗೆ ಆಗುವುದು ಪೆಡಲಿಗೆ ಆಗದು.

ಮೂಲ ಕಾರಣ ಬಹುಮಟ್ಟಿಗೆ ಬೆಸುಗೆಯ ಪೇಸ್ಟ್. ಡಬ್ಬಿಯಲ್ಲಿ ಸಿಗುವ ಫ್ಲಕ್ಸ್ ಬೋರ್ಡಿನ ಮೇಲೆ ಉಳಿದರೆ ನಿಮ್ಮೂರಿನ ಮಳೆಗಾಲದ ಗಾಳಿಯಿಂದ ನೀರು ಹೀರಿಕೊಂಡು ಹತ್ತಿರದ ಎರಡು ದಾರಿಗಳ ನಡುವೆ ಸಣ್ಣ ಸೋರಿಕೆ ಮಾಡುತ್ತದೆ. 470 ಕೆ, 1 ಮೆಗಾ ಓಮ್ ಇರುವ ಕಡೆ ಅಷ್ಟು ಸೋರಿಕೆಯೇ ಸದ್ದಾಗಿ ಕೇಳುತ್ತದೆ. ಒಳಗೇ ರೋಸಿನ್ ಇರುವ ಬೆಸುಗೆ ತಂತಿ ಬಳಸಿ, ಪೇಸ್ಟ್ ಬೇಡವೇ ಬೇಡ. ಈಗಿನ ಬೋರ್ಡನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಮತ್ತು ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಎರಡು ಸಲ ತೊಳೆದು, ಪೂರ್ತಿ ಒಣಗಿಸಿ, ಬಣ್ಣವಿಲ್ಲದ ಆಕ್ರಿಲಿಕ್ ಲ್ಯಾಕರ್‌ನ ತೆಳು ಪದರ ಹೊಡೆಯಿರಿ. ಪಾಟ್, ಸ್ವಿಚ್, ಜ್ಯಾಕ್‌ಗಳಿಗೆ ತಾಗದಿರಲಿ. ಹೊಸದಾಗಿ ಮಾಡುವುದಾದರೆ ಕಂದು ಬಣ್ಣದ ಹೈಲಂ ಬೋರ್ಡ್ ಬಿಟ್ಟು ಗ್ಲಾಸ್ ಎಪಾಕ್ಸಿ ಬೋರ್ಡ್ ತೆಗೆದುಕೊಳ್ಳಿ, ಅದು ತೇವ ಎಳೆಯುವುದು ಕಡಿಮೆ. ಕರಕರ ಬರೀ ನಾಬ್ ತಿರುಗಿಸುವಾಗ ಬಂದರೆ ಅದು ಪಾಟ್‌ನ ದೋಷ. ಕಾಂಟ್ಯಾಕ್ಟ್ ಕ್ಲೀನರ್ ಹಾಕಿ, ಕೊಬ್ಬರಿ ಎಣ್ಣೆಯಲ್ಲ.

ಪ್ರಶ್ನೆ: ಬೂಸ್ಟರ್ ಹಾಕಿದರೆ ಆಂಪ್‌ನಲ್ಲಿ ಸೆಕೆಂಡಿಗೊಮ್ಮೆ ‘ಟಿಕ್’ ಅನ್ನುತ್ತದೆ. ತೋಟದ ಆನೆ ಬೇಲಿ ಆಫ್ ಮಾಡಿದರೆ ನಿಲ್ಲುತ್ತದೆ. ರಾತ್ರಿ ಬೇಲಿ ಆಫ್ ಮಾಡುವಂತಿಲ್ಲ.
– ಓದುಗರು, ಸಿದ್ದಾಪುರ

ಉತ್ತರ: ಮಾಡಲೂಬೇಡಿ. ಸೋಲಾರ್ ಬೇಲಿಯ ಯಂತ್ರ ಸೆಕೆಂಡಿಗೊಮ್ಮೆಯಂತೆ ಸಾವಿರಾರು ವೋಲ್ಟಿನ ಪೆಟ್ಟು ಕಳಿಸುತ್ತದೆ, ಉದ್ದ ತಂತಿ ಆಂಟೆನಾದಂತೆ ಅದನ್ನು ಬೀರುತ್ತದೆ. ಪೆಡಲ್ ಆ ಟಿಕ್ಕನ್ನು ಹುಟ್ಟಿಸುವುದಿಲ್ಲ, 20 ಪಟ್ಟು ದೊಡ್ಡದು ಮಾಡುತ್ತದೆ ಅಷ್ಟೇ.

ಗಿಟಾರಿನ ವಾಲ್ಯೂಮ್ ಸೊನ್ನೆಗೆ ಇಳಿಸಿ. ಟಿಕ್ ನಿಂತರೆ ಅದು ಗಿಟಾರಿನ ಪಿಕಪ್‌ನಿಂದ (ತಂತಿಯ ಕಂಪನ ಹಿಡಿಯುವ ಸುರುಳಿ) ಬರುತ್ತಿದೆ. ನಿಲ್ಲದಿದ್ದರೆ ಪೆಡಲನ್ನು ಬ್ಯಾಟರಿಯಲ್ಲಿ ನಡೆಸಿ. ಈಗ ನಿಂತರೆ ದಾರಿ ಅಡಾಪ್ಟರ್. ಎರಡಕ್ಕೂ ಜಗ್ಗದಿದ್ದರೆ ಪೆಟ್ಟಿಗೆ ನೋಡಿ: ಬಣ್ಣ ಬಳಿದ ಪೆಟ್ಟಿಗೆಯಲ್ಲಿ ಕೆಲವೊಮ್ಮೆ ಜ್ಯಾಕ್‌ನ ನೆಲ ಲೋಹಕ್ಕೆ ತಾಗಿರುವುದೇ ಇಲ್ಲ. ಜ್ಯಾಕ್ ಕೂರುವ ಜಾಗದ ಒಳಬದಿಯ ಬಣ್ಣ ಕೆರೆದು, ನೆಲಕ್ಕೂ ಮುಚ್ಚಳಕ್ಕೂ ಸಂಪರ್ಕ ಇದೆಯೇ ಎಂದು ಮೀಟರಿನಲ್ಲಿ ನೋಡಿ. ಇನ್‌ಪುಟ್‌ನಲ್ಲಿ 1 ಕೆ ಸರಣಿಯಲ್ಲಿ, ಅದರ ನಂತರ ನೆಲಕ್ಕೆ 100 ಪಿಕೋಫ್ಯಾರಡ್ ಹಾಕಿ.

ಬೇಲಿಯ ಕಡೆಯೂ ಕೆಲಸವಿದೆ. ಹುಲ್ಲು ತಾಗಿದಲ್ಲಿ, ಇನ್ಸುಲೇಟರ್ ಬಿರುಕು ಬಿಟ್ಟಲ್ಲಿ ಕಿಡಿ ಹಾರಿ ಸದ್ದು ಹೆಚ್ಚುತ್ತದೆ. ಎಎಂ ರೇಡಿಯೊವನ್ನು ಸ್ಟೇಷನ್ ಇಲ್ಲದ ಕಡೆಗೆ ತಿರುಗಿಸಿ ಬೇಲಿ ಪಕ್ಕ ನಡೆಯಿರಿ, ಟಿಕ್ ಜೋರಾದಲ್ಲಿ ದೋಷ ಇದೆ. ತಂತಿ ಮುಟ್ಟಬೇಡಿ, ದುರಸ್ತಿಗೆ ಹಗಲಿನಲ್ಲಿ ಯಂತ್ರ ನಿಲ್ಲಿಸಿಕೊಳ್ಳಿ. ಬೇಲಿಯ ಅರ್ಥ್ ಸರಳು ಮನೆಯ ಅರ್ಥ್‌ನಿಂದ ಕನಿಷ್ಠ 10 ಮೀಟರ್ ದೂರ ಇರಬೇಕು.

ಪ್ರಶ್ನೆ: ಪೆಟ್ಟಿಗೆ ಮೇಲೆ ದೊಡ್ಡ ಕಂಪನಿಯ ಲೋಗೋ ಬರೆದರೆ ಚೆಂದ ಕಾಣುತ್ತದೆ. ಬರೆಯಬಹುದೇ?
– ಓದುಗರು, ಕುಶಾಲನಗರ

ಉತ್ತರ: ಬೇಡ. ಕೈಯಿಂದ ಕೈಗೆ ಹೋಗಿ ನಾಳೆ ಯಾರೋ ಅಸಲಿ ಎಂದು ನಂಬಿ ದುಡ್ಡು ಕೊಟ್ಟಾರು. ನಿಮ್ಮದೇ ಒಂದು ಹೆಸರು ಇಡಿ. ಅದಕ್ಕಿಂತ ಉಪಯೋಗದ ಬರಹ ಮುಚ್ಚಳದ ಒಳಗಿರಲಿ: ಸರ್ಕ್ಯೂಟ್ ಚಿತ್ರ, ಬಿಡಿಭಾಗಗಳ ಅಳತೆಗಳು, ಮಾಡಿದ ತಿಂಗಳು, ಕೊಡುವ ದಿನ ಕಲೆಕ್ಟರ್‌ನಲ್ಲಿ ಬಂದ ವೋಲ್ಟ್. ಪೆನ್ಸಿಲಿನಲ್ಲಿ ಬರೆಯಿರಿ, ಶಾಯಿ ನಮ್ಮ ಮಳೆಗೆ ಹರಡುತ್ತದೆ.