ಬೋರ್ ನೀರಲ್ಲಿ ಟಿಸಿಇ ಬಂದಿದೆ, ಯಾವ ಬ್ಯಾಕ್ಟೀರಿಯಾ ಪುಡಿ ಹಾಕಲಿ?

ಪೀಣ್ಯದ ಶೆಡ್, ಎಣ್ಣೆ ಜಿಡ್ಡು ತೊಳೆಯುವ ತೊಟ್ಟಿ, ಹಿಂದೆ ಒಂದು ಬೋರ್. ನಿಮ್ಮ ಪ್ರಶ್ನೆ ಓದಿ ನನ್ನದೇ ಕಥೆ ಅನ್ನಿಸಿತು.

ಟಿಸಿಇ ಅಂದರೆ ಟ್ರೈಕ್ಲೋರೋಎಥಿಲೀನ್, ಜಿಡ್ಡು ತೆಗೆಯುವ ದ್ರಾವಕ. ನೀರಿಗಿಂತ ಸುಮಾರು ಒಂದೂವರೆ ಪಟ್ಟು ಭಾರ. ನಮ್ಮಲ್ಲಿ ತೊಟ್ಟಿ ತೊಳೆದ ನೀರು ಮಣ್ಣಿಗೆ ಹೋಗುತ್ತಿತ್ತು, ಅಲ್ಲಿಂದ ಬಂಡೆ ಬಿರುಕಿಗೆ. ಸಲಹೆಗಾರರು ಹೇಳಿದಂತೆ ಕಾಕಂಬಿ ಡ್ರಮ್ ತರಿಸಿ ಬೋರಿಗೆ ಇಳಿಸಿದೆವು. ಸೂಕ್ಷ್ಮಜೀವಿಗಳು ಅದನ್ನು ತಿಂದು ಆಕ್ಸಿಜನ್ ಮುಗಿಸಬೇಕು, ಆಮೇಲೆ ಟಿಸಿಇಯಿಂದ ಕ್ಲೋರಿನ್ ಕೀಳುವ ಜಾತಿಗೆ ಹೈಡ್ರೋಜನ್ ಸಿಗುತ್ತದೆ. ಚರಂಡಿಯಿಂದ ಬಂದ ನೈಟ್ರೇಟ್ ಇದ್ದರೆ ಒಂದು ಪಾಲು ಕಾಕಂಬಿ ಅದಕ್ಕೇ ಖರ್ಚು.

ಆರು ತಿಂಗಳಲ್ಲಿ ನೀರಲ್ಲಿ ಟಿಸಿಇ ಪ್ರಮಾಣ ಪಾತಾಳಕ್ಕಿಳಿಯಿತು. ಹುಡುಗರಿಗೆ ಮೈಸೂರ್ ಪಾಕ್ ಹಂಚಿದೆ.

ತಪ್ಪು ನನ್ನದೇ. "ಪೂರ್ತಿ ಟೆಸ್ಟ್ ದುಬಾರಿ, ಟಿಸಿಇ ಒಂದೇ ನೋಡಿ" ಅಂತ ಲ್ಯಾಬಿಗೆ ಹೇಳಿದ್ದೆ. ಟಿಸಿಇಗೆ ಮೂರು ಕ್ಲೋರಿನ್. ಒಂದು ಕಿತ್ತರೆ ಡಿಸಿಇ, ಇನ್ನೊಂದು ಕಿತ್ತರೆ ವಿನೈಲ್ ಕ್ಲೋರೈಡ್, ಕೊನೆಯದೂ ಹೋದರೆ ಎಥಿಲೀನ್, ಅದೇ ಬಾಳೆಹಣ್ಣು ಮಾಗಿಸುವ ಗ್ಯಾಸ್. ಅಂದರೆ ಟಿಸಿಇ ಕಾಣೆಯಾದರೆ ವಿಷ ಹೋಯಿತು ಅಂತಲ್ಲ, ವೇಷ ಬದಲಿಸಿರಬಹುದು. ವಿನೈಲ್ ಕ್ಲೋರೈಡ್ ಕ್ಯಾನ್ಸರ್ ತರುವ ವಸ್ತು. ಅಮೆರಿಕದಲ್ಲಿ ಕುಡಿಯುವ ನೀರಿಗೆ ಟಿಸಿಇ ಮಿತಿ ಲೀಟರಿಗೆ 5 ಮೈಕ್ರೋಗ್ರಾಂ, ಇದಕ್ಕೆ 2. ಒಂದು ವರ್ಷದ ನಂತರ ಪೂರ್ತಿ ಟೆಸ್ಟ್ ಮಾಡಿಸಿದಾಗ ನನ್ನ ನೀರಲ್ಲಿ ಡಿಸಿಇ, ವಿನೈಲ್ ಎರಡೂ ಇದ್ದವು. ಎಥಿಲೀನ್ ಇಲ್ಲ.

ಯಾಕೆ? ಕಾಕಂಬಿ ಹುಳಿಯಾಗಿ ಪಿಎಚ್ 5.4ಕ್ಕೆ ಬಂದಿತ್ತು. ಕೊನೆಯವರೆಗೆ ಒಯ್ಯುವುದು ಡಿಹ್ಯಾಲೋಕಾಕಾಯ್ಡೀಸ್ ಅನ್ನೋ ಜಾತಿ. 6ರ ಕೆಳಗೆ ಅದು ಮುಷ್ಕರ ಹೂಡುತ್ತದೆ. ಅಡುಗೆ ಸೋಡಾ ಮೂಟೆಗಟ್ಟಲೆ ಹಾಕಿ, ಕಾಕಂಬಿ ಬಿಟ್ಟು ಸೋಯಾ ಎಣ್ಣೆಯ ಎಮಲ್ಷನ್‌ಗೆ ಹೋದ ಮೇಲೆಯೇ ಎಥಿಲೀನ್ ಕಂಡಿದ್ದು.

ಹಾಗಾಗಿ "ಯಾವ ಪುಡಿ" ಅನ್ನೋ ಪ್ರಶ್ನೆಯೇ ತಪ್ಪು. ಎಸ್‌ಟಿಪಿಗೆ (ಕೊಳಚೆ ನೀರು ಶುದ್ಧೀಕರಣ ಘಟಕಕ್ಕೆ) ಹಾಕುವ ಪುಡಿ ಹೆಚ್ಚಾಗಿ ಗಾಳಿ ಕೇಳುವ ಜಾತಿ, ಇಲ್ಲಿ ಸುಮ್ನೆ ದುಡ್ಡು ದಂಡ. ಬೇಕಾದ ಜೀವಿ ನಿಮ್ಮ ನೀರಲ್ಲೇ ಉಪವಾಸ ಬಿದ್ದಿರಬಹುದು, ನಮ್ಮಲ್ಲಿ ಹಾಗೇ ಇತ್ತು. ಅದು ಇದೆಯಾ ಅಂತ ಮೊದಲು ನೀರಿನ ಡಿಎನ್‌ಎ ಟೆಸ್ಟ್ ಮಾಡಿಸಿ. ಸೋರಿಕೆ ನಿಲ್ಲಿಸಿ. ಮಾಲಿನ್ಯ ನಿಯಂತ್ರಣ ಮಂಡಳಿಗೆ ತಿಳಿಸದೆ ನೆಲಕ್ಕೆ ಏನೂ ಇಳಿಸಬೇಡಿ. ಕ್ಯಾಂಟೀನ್ ನಲ್ಲಿಗೆ ಆ ಬೋರ್ ಜೋಡಿಸಿದ್ದರೆ ಇವತ್ತೇ ತೆಗೆಸಿ.

ಇನ್ನೊಂದು. ನೀರು ಹಿಡಿಯುವಾಗ ಲ್ಯಾಬ್ ಕೊಡುವ 40 ಮಿಲಿ ಸೀಸೆಯೇ ಬೇಕು, ಒಳಗೆ ಒಂದು ಗುಳ್ಳೆಯೂ ಇರಬಾರದು, ಇವೆಲ್ಲ ಗಾಳಿಗೆ ಹಾರಿಹೋಗುತ್ತವೆ. ನಮ್ಮ ಹುಡುಗ ಮೊದಲ ಸಲ ಹಳೇ ನೀರಿನ ಬಾಟಲಿಯಲ್ಲಿ ಅರ್ಧ ತುಂಬಿ, ಬೈಕಿನ ಡಿಕ್ಕಿಯಲ್ಲಿಟ್ಟು ಬಿಸಿಲಲ್ಲಿ ತಂದಿದ್ದ.