ವಿಸಿಟರ್ ವೀಸಾದಲ್ಲಿ ಹೋಗಿ ಮದುವೆ ಆಗ್ಲಾ?

ಪ್ರಶ್ನೆ: ನಾನು ದಾವಣಗೆರೆಯವಳು, ಬಿಇ ಮುಗಿಸಿ ಕೆಲಸದಲ್ಲಿದೀನಿ. ಅಮೆರಿಕದ ಸಿಟಿಜನ್ ಹುಡುಗನ ಜೊತೆ ನಿಶ್ಚಿತಾರ್ಥ ಆಗಿದೆ. ಈಗ ಅವರ ಮನೆಯವರು ವಿಸಿಟರ್ ವೀಸಾದಲ್ಲಿ ಬಂದ್ಬಿಡು, ಇಲ್ಲೇ ಮದುವೆ ಮಾಡಿ ಗ್ರೀನ್ ಕಾರ್ಡಿಗೆ ಹಾಕೋಣ, ಬೇಗ ಆಗತ್ತೆ ಅಂತಿದಾರೆ. ಅಲ್ಲಿ ಹೋದ್ಮೇಲೆ ಹೊಂದಾಣಿಕೆ ಆಗ್ದಿದ್ರೆ ಏನ್ ಗತಿ ಅಂತ ಅಮ್ಮಂಗೆ ಭಯ. ಏನ್ ಮಾಡ್ಲಿ?

ಉತ್ತರ: ವಿಸಿಟರ್ ವೀಸಾ ಖಂಡಿತ ಬೇಡಮ್ಮ. ಮದುವೆಯಾಗಿ ಅಲ್ಲೇ ಇರೋ ಉದ್ದೇಶ ಮನಸಲ್ಲಿಟ್ಕೊಂಡು ಆಫೀಸರ್ ಮುಂದೆ ಸುತ್ತಾಡೋಕೆ ಬಂದೆ ಅಂದ್ರೆ ಅದು ಸುಳ್ಳು ಹೇಳಿ ವೀಸಾ ತಗೊಂಡ ಹಾಗೆ, ಸಿಕ್ಕಿಬಿದ್ರೆ ಜೀವನಪೂರ್ತಿ ಆ ದೇಶದ ಬಾಗಿಲು ಮುಚ್ಚೋ ಸಾಧ್ಯತೆ ಇದೆ, ಮತ್ತೆ ಆ ಕಪ್ಪುಚುಕ್ಕೆ ಬೀಳೋದು ನಿಮ್ಮ ಹೆಸರಿಗೆ, ಹುಡುಗನ ಹೆಸರಿಗಲ್ಲ.

ಕೆ-1 ಅಂತ ಫಿಯಾನ್ಸೆ ವೀಸಾ ಇದೆ, ಹೋದ 90 ದಿನದೊಳಗೆ ಅವನನ್ನೇ ಮದುವೆ ಆಗ್ಬೇಕು, ಇಲ್ಲಾಂದ್ರೆ ವಾಪಸ್. ಆದ್ರೆ ನನ್ನ ಮಾತು ಕೇಳೋದಾದ್ರೆ ದಾವಣಗೆರೆಲೇ ಮದುವೆ ಮಾಡ್ಕೊಂಡು ಸಬ್ ರಿಜಿಸ್ಟ್ರಾರ್ ಆಫೀಸಲ್ಲಿ ರಿಜಿಸ್ಟರ್ ಮಾಡ್ಸಿ. ಆಮೇಲೆ ಅವನು ಹೆಂಡತೀನ ಕರೆಸ್ಕೊಳ್ಳೋಕೆ ಐ-130 ಅನ್ನೋ ಅರ್ಜಿ ಹಾಕ್ತಾನೆ, ಕೊನೆಗೆ ಮುಂಬೈನ ಅಮೆರಿಕನ್ ಕಾನ್ಸುಲೇಟಲ್ಲಿ ಇಂಟರ್‌ವ್ಯೂ. ಸಿಟಿಜನ್ ಹೆಂಡತಿಗೆ ವರ್ಷಕ್ಕೆ ಇಷ್ಟೇ ವೀಸಾ ಅನ್ನೋ ಕೋಟಾ ಇಲ್ಲ, ಆದ್ರೂ ತಿಂಗಳುಗಟ್ಟಲೆ ಕಾಯ್ಬೇಕು, ವರ್ಷ ದಾಟೋದೂ ಉಂಟು, ಅಲ್ಲೀವರೆಗೂ ಈಗಿರೋ ಕೆಲಸ ಬಿಡ್ಬೇಡಿ. ಈ ದಾರೀಲಿ ಹೋದ್ರೆ ಅಲ್ಲಿ ಕಾಲಿಟ್ಟ ದಿನದಿಂದಲೇ ಪರ್ಮನೆಂಟ್ ರೆಸಿಡೆಂಟ್, ಕೆಲಸಕ್ಕೂ ಸೇರ್ಬೋದು. ಕೆ-1ನಲ್ಲಿ ಹೋದೋರು ವರ್ಕ್ ಪರ್ಮಿಟ್ ಬರೋವರೆಗೂ ಗಂಡನ ಕೈ ನೋಡ್ಕೊಂಡು ಕೂತಿರ್ಬೇಕು, ಓದಿದ ಹುಡುಗೀರಿಗೆ ಅದೆಷ್ಟು ಹಿಂಸೆ ಅಂತ ನಂಗೊತ್ತು.

ನಮ್ಮ ಕಡೆಯವರಿಗೆ ನಿಜವಾದ ತಲೆನೋವು ಹೆಸರು. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಲ್ಲಿ ಬರೀ ಇನಿಷಿಯಲ್, ಪಾಸ್‌ಪೋರ್ಟಲ್ಲಿ ಅಪ್ಪನ ಪೂರ್ತಿ ಹೆಸರು, ಜನನ ಪ್ರಮಾಣಪತ್ರದಲ್ಲಿ ಮಗುವಿನ ಹೆಸರೇ ಖಾಲಿ, ಇಂಥದ್ದೆಲ್ಲ ಈಗ್ಲೇ ಸರಿ ಮಾಡ್ಸಿ. ಕನ್ನಡದಲ್ಲಷ್ಟೇ ಇರೋ ಪತ್ರಕ್ಕೆ ಇಂಗ್ಲಿಷ್ ಅನುವಾದ ಬೇಕು, ಅನುವಾದ ಮಾಡಿದವರ ಸಹಿ ಸಮೇತ.

ಅಮ್ಮನ ಭಯ ಸುಳ್ಳಲ್ಲ. ಅಮೆರಿಕಕ್ಕೆ ಕಾಲಿಡೋ ದಿನಕ್ಕೆ ಮದುವೆಯಾಗಿ ಎರಡು ವರ್ಷ ಆಗಿರ್ಲಿಲ್ಲ ಅಂದ್ರೆ ಸಿಗೋದು ಎರಡೇ ವರ್ಷದ ಗ್ರೀನ್ ಕಾರ್ಡು, ಅದು ಮುಗಿಯೋ ಮುಂಚಿನ 90 ದಿನದಲ್ಲಿ ಇಬ್ರೂ ಸೇರಿ ಅದನ್ನ ಕಾಯಂ ಮಾಡ್ಸೋಕೆ ಐ-751 ಅನ್ನೋ ಅರ್ಜಿ ಹಾಕ್ಬೇಕು. ಇದನ್ನೇ ಹಿಡ್ಕೊಂಡು ಸಹಿ ಹಾಕಲ್ಲ, ಊರಿಗೆ ಕಳಿಸ್ತೀನಿ ಅಂತ ಹೆದರಿಸೋ ಗಂಡಂದಿರು ಇದಾರೆ. ಹೆದರಬೇಡಿ, ಡಿವೋರ್ಸ್ ಆಗಿದ್ರೆ ಅಥವಾ ಗಂಡ ಹಿಂಸೆ ಕೊಟ್ಟಿದ್ರೆ ಒಬ್ಬಳೇ ಅರ್ಜಿ ಹಾಕ್ಬೋದು, ಮದುವೆ ಪ್ರಾಮಾಣಿಕವಾಗಿ ನಡೆದಿತ್ತು ಅಂತ ತೋರಿಸ್ಬೇಕು ಅಷ್ಟೆ. ಅದಕ್ಕೆ ಜಾಯಿಂಟ್ ಅಕೌಂಟ್, ಇಬ್ಬರ ಹೆಸರಲ್ಲಿರೋ ಮನೆ ಬಾಡಿಗೆ ಪತ್ರ, ಎಲ್ಲದರ ಕಾಪಿ ನಿಮ್ಮ ಸ್ವಂತ ಇಮೇಲಲ್ಲಿರ್ಲಿ, ಪಾಸ್‌ಪೋರ್ಟು ಯಾರ ಕೈಗೂ ಕೊಡ್ಬೇಡಿ, ಅತ್ತೆ ಜೋಪಾನ ಮಾಡ್ತೀನಿ ಅಂದ್ರೂನೂ. ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ, ಹುಡುಗ ಸಹಿ ಹಾಕೋ ಐ-864 ಅನ್ನೋ ಖರ್ಚಿನ ಹೊಣೆ ಪತ್ರ ಡಿವೋರ್ಸ್ ಆದ್ರೂ ಅಷ್ಟಕ್ಕೇ ಮುಗಿಯಲ್ಲ.

ಅರ್ಜಿ ಹಾಕಿದೀನಿ ಅಂತ ಅವನು ಬರೀ ಬಾಯಲ್ಲಿ ಹೇಳಿದ್ರೆ ಸುಮ್ನಾಗ್ಬೇಡಿ. ಮೂರು ಅಕ್ಷರ, ಹತ್ತು ಅಂಕಿ ಇರೋ ರಸೀತಿ ನಂಬರ್ ಬರತ್ತೆ, ಕೇಳಿ ತಗೊಳ್ಳಿ, ಅದನ್ನ ಹಾಕಿ ಕೇಸು ಎಲ್ಲಿಗೆ ಬಂತು ಅಂತ ಮೊಬೈಲಲ್ಲಿ ನೀವೇ ನೋಡ್ಬೋದು.